ಹಿತ್ತಾಳೆ ಕಾಲಿನ ಮೂಗುತಿ

ಸತ್ತವಳು ನನಗೆ ಏನೂ ಮಾಡಲಿಲ್ಲ. ನನ್ನ ಮೂಗು ಕೊಳೆತದ್ದು ಹಿತ್ತಾಳೆಯಿಂದ. ಅದು ಹಿತ್ತಾಳೆ ಎಂದು ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡು ಕೂತದ್ದರಿಂದ. ನಡೆದದ್ದು ಇಷ್ಟೇ.

ಹೊನ್ನಾಳಿಯ ನಮ್ಮ ಓಣಿಯಲ್ಲಿ ನನ್ನ ಸರೀಕರು ಇನ್ನೂ ಇಬ್ಬರು ಮೂವರು ಉಳಿದಿದ್ದಾರೆ. ಸವತಿ ಕಾಟ ಎಂದರೆ ಏನು ಎಂದು ಹೊಸ ಸೊಸೆಯಂದಿರಿಗೆ ಹೇಳುವಾಗ ಅವರು ನನ್ನ ಎಡಹೊಳ್ಳೆಯ ಮೇಲಿನ ಗುಳಿಯನ್ನು ತೋರಿಸುತ್ತಾರೆ. ನಾನು ಅಲ್ಲೇ ಕೂತಿರುತ್ತೇನೆ. ಎಷ್ಟು ಸಲ ಹೇಳಿದರೂ ಅವರಿಗೆ ಹಿತ್ತಾಳೆಯ ಕಥೆ ರುಚಿಸುವುದಿಲ್ಲ, ಸತ್ತವಳ ಕಥೆಯೇ ಬೇಕು. ಹೋದ ತಿಂಗಳು ಮೊಮ್ಮಗಳು ಬಂದು, ಅಜ್ಜಿ, ಮೂಗು ಚುಚ್ಚಿಸಿಕೊಳ್ಳುತ್ತೇನೆ, ಮೊದಲು ಏನು ಹಾಕಿಸಲಿ ಎಂದು ಕೇಳಿದಳು. ಫೋನಿನಲ್ಲಿ ಹತ್ತು ಬಗೆಯ ಮೂಗುತಿ ತೋರಿಸಿದಳು. ತೆಳ್ಳನೆಯ ಬಂಗಾರದ ತಂತಿ, ಬೇರೆ ಏನೂ ಬೇಡ, ಮೂರು ತಿಂಗಳು ತೆಗೆಯಬೇಡ ಎಂದೆ. ಯಾಕೆ ಎಂದಳು. ಅದನ್ನು ಬಾಯಲ್ಲಿ ಹೇಳಲು ಹೋದರೆ ನಡುವೆ ಯಾರಾದರೂ ಬೇರೆ ಮಾತು ತೆಗೆಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಲಿ.

ನಾನು ಹುಟ್ಟಿದ್ದು ಜಗಳೂರಿನ ಕಡೆ. ಅಪ್ಪ ಕುರಿ ಸಾಕುತ್ತಿದ್ದ. ನನಗೆ ಎರಡು ವರ್ಷವಿದ್ದಾಗಲೇ ಅವ್ವ ಸತ್ತಳು. ಕಿವಿಯನ್ನು ಅಷ್ಟರಲ್ಲಿ ಯಾರೋ ಚುಚ್ಚಿ ಜೋಳದ ದಂಟಿನ ಕಡ್ಡಿ ತೂರಿಸಿದ್ದರು, ಮೂಗು ಹಾಗೇ ಉಳಿಯಿತು. ಹೆಣ್ಣುಮಗಳ ಮೂಗು ಬರಿದಾಗಿದೆ ಎಂಬುದು ತಾಯಿಯ ಕಣ್ಣಿಗೆ ಬೀಳುವಂಥದ್ದು, ಅಪ್ಪನ ಕಣ್ಣಿಗೆ ಬೀಳಲಿಲ್ಲ. ಅವನು ಚುಚ್ಚುತ್ತಿದ್ದದ್ದು ಮರಿಗಳ ಕಿವಿಯನ್ನು. ಗುರುತಿಗೆಂದು ತೂತು ಮಾಡಿ ಬೇವಿನೆಣ್ಣೆ ಹಚ್ಚಿ ಬಿಡುತ್ತಿದ್ದ. ಗಾಯದೊಳಗೆ ಮುಳ್ಳೋ ತಂತಿಯ ಚೂರೋ ಉಳಿದರೆ ಕೀವು ತುಂಬುತ್ತದೆ, ಅದನ್ನು ತೆಗೆದು ತೊಳೆದರೆ ಮಾಯುತ್ತದೆ. ಇಷ್ಟು ನನಗೆ ಏಳನೇ ವಯಸ್ಸಿಗೇ ಗೊತ್ತಿತ್ತು. ಇದನ್ನು ಮೊದಲೇ ಬರೆದಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಪಾಪ ಏನೂ ತಿಳಿಯದವಳು ಎನ್ನಬಾರದು.

ಎಪ್ಪತ್ತರ ದಶಕದ ನಡುವಿನಲ್ಲಿ, ನನಗೆ ಹತ್ತೊಂಬತ್ತಾಗಿದ್ದಾಗ, ಹೊನ್ನಾಳಿಗೆ ಎರಡನೇ ಸಂಬಂಧಕ್ಕೆ ಕೊಟ್ಟರು. ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಸಂಜೆ ಮನೆಗೆ ಬಂದಾಗ ಹುಬ್ಬಿನ ಮೇಲೆಲ್ಲ ತೌಡು ಕೂತಿರುತ್ತಿತ್ತು. ಕೆಟ್ಟವನಲ್ಲ, ಆದರೆ ಅವನ ಮಾತೆಲ್ಲ ಅವನ ಅವ್ವನ ಬಾಯಲ್ಲಿತ್ತು. ಅವನ ಮೊದಲ ಹೆಂಡತಿ ಚನ್ನಗಿರಿಯವಳು. ಎರಡನೇ ಹೆರಿಗೆಯಲ್ಲಿ ಕೂಸಿನ ಜೊತೆಗೇ ಹೋಗಿದ್ದಳು. ಮೊದಲನೆಯದು ಹೆಣ್ಣುಮಗು, ನಾನು ಹೋದಾಗ ಅದಕ್ಕೆ ನಾಲ್ಕು ತುಂಬಿತ್ತು.

ಅತ್ತೆ, ಗಂಡ, ಮಗು, ನಾನು. ಎರಡು ಅಂಕಣದ ಮನೆ. ಐದನೆಯವಳು ಗೋಡೆಯ ಗೂಡಿನಲ್ಲಿದ್ದಳು. ಒಂದು ಕೆಂಪು ಕುಪ್ಪಸದ ಕಣ, ಅದರ ಮೇಲೆ ಹಸಿರು ಬಳೆ, ಕುಂಕುಮ. ಪ್ರತಿ ಮಂಗಳವಾರ ಅವಳ ಮುಂದೆ ಎಡೆ ಇಡಬೇಕು. ನಮ್ಮ ಕಡೆಯ ಮನೆಗಳಲ್ಲಿ ಎರಡನೆಯವಳಾಗಿ ಬಂದವಳು ಮೊದಲನೆಯವಳನ್ನು ಒಲಿಸಿಕೊಳ್ಳಬೇಕು. ಕೆಲವರು ಸವತಿಯ ಹೆಸರಲ್ಲಿ ಬಿಲ್ಲೆ ಮಾಡಿಸಿ ತಾಳಿಯ ದಾರಕ್ಕೆ ಹಾಕುತ್ತಾರೆ, ಕೆಲವರು ಸೀರೆ ಇಟ್ಟು ಉಡುತ್ತಾರೆ. ನನ್ನ ಅತ್ತೆ ಇದ್ಯಾವುದನ್ನೂ ಹೇಳಲಿಲ್ಲ. ನಾನು ಬಂದ ಹದಿನೈದನೇ ದಿನ ಟ್ರಂಕಿನ ತಳದಿಂದ ಒಂದು ಚಿಂದಿಗಂಟು ತೆಗೆದು ಬಿಚ್ಚಿದಳು. ಏಳು ಕೆಂಪು ಹರಳಿನ ಮೂಗುತಿ. ಅವಳದ್ದು, ನೀನು ಹಾಕಿಕೋ ಎಂದಳು. ಮಗು ಮೇಲಿಂದ ಮೇಲೆ ಜ್ವರ ಮಲಗುತ್ತಿತ್ತಂತೆ. ಹೇಳಿಕೆ ಹೇಳುವವನೊಬ್ಬ, ಸತ್ತವಳ ಒಡವೆ ಮನೆಯಲ್ಲಿ ಸುಮ್ಮನೆ ಬಿದ್ದಿದೆ, ಬಂದವಳ ಮೈಮೇಲೆ ಹಾಕಿ ಎಂದಿದ್ದನಂತೆ. ನನಗೆ ಮೂಗೇ ಚುಚ್ಚಿಲ್ಲವಲ್ಲ ಎಂದೆ. ಅತ್ತೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಅದೇನು ದೊಡ್ಡ ವಿಷಯ ಎಂದಳು.

ಹೊನ್ನಾಳಿಯಲ್ಲೇ ಅಕ್ಕಸಾಲಿಗರಿದ್ದರು. ಅತ್ತೆ ನನ್ನನ್ನು ಕರೆದುಕೊಂಡು ಹೋದದ್ದು ನ್ಯಾಮತಿಗೆ. ಯಾಕೆ ಅಷ್ಟು ದೂರ ಎಂದು ಬಸ್ಸಿನಲ್ಲಿ ಕೇಳಿದ್ದಕ್ಕೆ, ಅಲ್ಲಿಯವನ ಕೈ ಹಗುರ ಎಂದಳು. ಕೈ ಹಗುರವೇ ಇತ್ತು, ಆದರೆ ಅದು ಕಾರಣವಲ್ಲ ಎಂದು ಆಮೇಲೆ ತಿಳಿಯಿತು.

ಅಕ್ಕಸಾಲಿಗ ವಯಸ್ಸಾದವನು. ಮೂಗುತಿಯನ್ನು ಅಂಗೈಮೇಲೆ ಇಟ್ಟುಕೊಂಡು ಮೊದಲು ಹರಳು ನೋಡಿದ, ಆಮೇಲೆ ತಿರುಗಿಸಿ ಹಿಂದೆ ನೋಡಿದ. ಮೂಗಿನೊಳಗೆ ಹೋಗುವ ಕಡ್ಡಿಗೆ ಕಾಲು ಎನ್ನುತ್ತಾರೆ, ಅದರ ತುದಿಗೆ ಒಳಗಿನಿಂದ ಬಿಗಿಯುವ ಪುಟ್ಟ ತಿರುಪು. ಕಾಲನ್ನು ಉಗುರಿನಿಂದ ಕೆರೆದ, ಕಣ್ಣಿಗೆ ಗಾಜು ಇಟ್ಟುಕೊಂಡು ಮತ್ತೆ ನೋಡಿದ.

“ಹರಳು ಕೂತಿರೋ ಮನೆ ಬಂಗಾರದ್ದೇ ಐತೆ ಅಮ್ಮಾರೆ. ಕಾಲು ಬಂಗಾರದ್ದಲ್ಲ. ಯಾರು ಬೆಸೆದ್ರು ಇದನ್ನ?”

“ನಿಮಗ್ಯಾಕ್ರೀ ಅದು. ಚುಚ್ಚಿ ಹಾಕ್ರಿ, ಬಸ್ಸಿಗೆ ಹೊತ್ತಾಗ್ತೈತೆ.”

“ಚುಚ್ತೀನಿ. ಹಸಿ ಗಾಯಕ್ಕೆ ಇದನ್ನ ಹಾಕಲ್ಲ. ಕಾಲೂ ದಪ್ಪ, ಸರಕೂ ಸರಿಯಿಲ್ಲ.”

ಬಿಟ್ಟುಹೋಗಿ, ಬಂಗಾರದ ಕಾಲು ಹಾಕಿಕೊಡುತ್ತೇನೆ ಎಂದು ಅವನು ಅಂದ. ಅತ್ತೆ ಮೂಗುತಿಯನ್ನು ಅವನ ಅಂಗೈಯಿಂದ ಕಿತ್ತುಕೊಂಡವಳ ಹಾಗೆ ತೆಗೆದುಕೊಂಡು ಚಿಂದಿಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಅವನು ಮತ್ತೆ ಕೇಳಲಿಲ್ಲ. ಬಂಗಾರದ ತೆಳುವಾದ ತಂತಿಯ ತುದಿಯನ್ನು ಅರದಿಂದ ಚೂಪು ಮಾಡಿ, ನನ್ನ ಮೂಗಿನ ಮೇಲೆ ಗಂಧದ ಚುಕ್ಕೆ ಇಟ್ಟು, ದೂರ ಹೋಗಿ ನೋಡಿ, ಅಳಿಸಿ, ಮತ್ತೆ ಇಟ್ಟ. ಉಸಿರು ಬಿಡು ತಾಯಿ ಎಂದ. ಬಿಡುವಷ್ಟರಲ್ಲಿ ಮುಗಿದಿತ್ತು. ಸೂಜಿಯೇ ಇಲ್ಲ, ಆ ತಂತಿಯಿಂದಲೇ ಚುಚ್ಚಿ, ಅದನ್ನೇ ಬಗ್ಗಿಸಿ ಸಣ್ಣ ಉಂಗುರ ಮಾಡಿದ. ಕಣ್ಣಲ್ಲಿ ನೀರು ಬಂತು, ರಕ್ತ ಒಂದು ಹನಿ.

ಅವನು ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಬಂಗಾರ ಯಾಕೆಂದರೆ ಅದು ಗಾಯದ ನೀರಿಗೆ ಕಿಲುಬು ಬಿಡುವುದಿಲ್ಲ. ತಂತಿ ಯಾಕೆಂದರೆ ತೆಳ್ಳಗಿರುತ್ತದೆ, ಊದಿಕೊಂಡರೂ ಒತ್ತುವುದಿಲ್ಲ. ಉಂಗುರ ಯಾಕೆಂದರೆ ತಿರುಪು ಇರುವುದಿಲ್ಲ, ತೊಳೆಯಲು ಸುತ್ತಲೂ ಜಾಗವಿರುತ್ತದೆ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರು ದಿನಕ್ಕೆ ಎರಡು ಸಲ. ಮೂರು ತಿಂಗಳು ತೆಗೆಯಬಾರದು. ತೂತಿನ ಒಳಗೂ ಚರ್ಮ ಬೆಳೆಯಬೇಕು, ಅದು ಬೆಳೆಯುವ ತನಕ ಅದು ತೂತಲ್ಲ, ಗಾಯ.

ಬಸ್ಸಿನಲ್ಲಿ ಅತ್ತೆ, ಅಕ್ಕಸಾಲಿಗರು ಯಾವ ಒಡವೆ ಕಂಡರೂ ಹಿಂಗೇ ಅನ್ನುತ್ತಾರೆ, ಅವರ ತಂತಿ ಮಾರಬೇಕಲ್ಲ ಎಂದಳು. ನಾನು ಹೂಂ ಎಂದೆ. ಮೊದಲನೇ ಹೂಂ ಅದು.

ತಂತಿ ನನ್ನ ಮೂಗಿನಲ್ಲಿ ಇದ್ದದ್ದು ಎಂಟು ದಿನ. ಆ ಎಂಟು ದಿನ ಏನೂ ತೊಂದರೆ ಇರಲಿಲ್ಲ. ಒಂಬತ್ತನೇ ದಿನ ಮಂಗಳವಾರ. ಎಡೆ ಇಡುವ ಮೊದಲು ಅತ್ತೆ ನನ್ನನ್ನು ಹಿತ್ತಲ ಬಾಗಿಲ ಬೆಳಕಿಗೆ ಕೂರಿಸಿ ತಂತಿ ಬಿಚ್ಚಿ ಮೂಗುತಿ ತೂರಿಸಿದಳು. ತಂತಿ ದಾರದಷ್ಟು, ಈ ಕಾಲು ಬೇವಿನ ಕಡ್ಡಿಯಷ್ಟು. ನೂಕಿದಳು. ನಾನು ಗೋಡೆ ಹಿಡಿದುಕೊಂಡೆ.

“ಕುರಿ ಕಾಯೋರ ಮನೆ ಮಗಳು, ಇಷ್ಟಕ್ಕೆ ಅಳ್ತೀಯಾ? ಹಲ್ಲು ಕಚ್ಚಿ ಹಿಡ್ಕೋ.”

ಹಿಡಿದುಕೊಂಡೆ. ಅವಳು ಒಳಗಿನಿಂದ ತಿರುಪು ಬಿಗಿದು ಸೆರಗಿನಿಂದ ರಕ್ತ ಒರೆಸಿ ಅರಿಸಿನ ಹಚ್ಚಿ, ಈಗ ಲಕ್ಷಣವಾಯಿತು ಎಂದಳು. ತಂತಿಯನ್ನು ನಾನು ಕುಂಕುಮದ ಡಬ್ಬಿಯಲ್ಲಿ ಹಾಕಿಟ್ಟೆ.

ಅವತ್ತೇ ಹೇಳಬಹುದಿತ್ತು. ಅಕ್ಕಸಾಲಿಗ ಬೇಡ ಅಂದಿದ್ದ ಎಂದು ಗಂಡನಿಗೆ ಒಂದು ಮಾತು ಹೇಳಬಹುದಿತ್ತು. ಹೇಳದೆ ಇರಲು ಎರಡು ಕಾರಣ. ಒಂದು ಹೆದರಿಕೆ. ತಾಯಿಯಿಲ್ಲದ ಜಗಳೂರಿನ ಮನೆಗೆ ತಿರುಗಿ ಹೋಗುವುದೆಂದರೆ ಅಣ್ಣನ ಹೆಂಡತಿಯ ಕೈಯ ಕೂಳು. ಇನ್ನೊಂದು ಆ ಮಗು.

ನಾನು ಬಂದು ಒಂದು ತಿಂಗಳಾಗುತ್ತ ಬಂದರೂ ಅದು ನನ್ನ ಹತ್ತಿರ ಬಂದಿರಲಿಲ್ಲ. ಉಣ್ಣಲು ಕರೆದರೆ ಅಜ್ಜಿಯ ಬೆನ್ನ ಹಿಂದೆ ಹೋಗುತ್ತಿತ್ತು. ಅವತ್ತು ಎಡೆ ಮುಗಿದ ಮೇಲೆ ನಾನು ಕೂತಿದ್ದಾಗ ಬಂದು ಎದುರಿಗೆ ನಿಂತಿತು. ಬಹಳ ಹೊತ್ತು ನೋಡಿತು. ಬೆರಳು ಚಾಚಿ ಹರಳಿನ ಮೇಲೆ ಇಟ್ಟಿತು. ಜೀವ ಹೋಗುವಷ್ಟು ನೋವಾಯಿತು, ಅಲುಗಾಡಲಿಲ್ಲ.

“ಇದು ಅವ್ವಂದು,” ಎಂದಿತು.

ಹೌದು ಎಂದೆ. ತೊಡೆಯ ಮೇಲೆ ಕೂತಿತು. ಅವತ್ತಿನಿಂದ ನಾನು ಪಾತ್ರೆ ತಿಕ್ಕಿದರೆ ಪಕ್ಕದಲ್ಲಿ, ನೀರಿಗೆ ಹೋದರೆ ಹಿಂದೆ. ಅದು ನನಗಾಗಿ ಬರುತ್ತಿರಲಿಲ್ಲ, ಹರಳಿಗಾಗಿ ಬರುತ್ತಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದರೂ ಹಿತವಾಗಿತ್ತು. ಅತ್ತೆಯೂ ಮೆತ್ತಗಾದಳು, ಸವತಿ ಒಲಿದಳು ಎಂದು ಓಣಿಯಲ್ಲಿ ಹೇಳಿಕೊಂಡು ಬಂದಳು.

ನಾಲ್ಕು ದಿನ. ಐದನೇ ದಿನ ಹೊಳ್ಳೆ ಕೆಂಪಗಾಗಿ ಬಿಗಿಯಿತು. ಆಮೇಲೆ ನೀರು ಸೋರಲು ಶುರುವಾಯಿತು. ಬೆಳಿಗ್ಗೆ ಎದ್ದು ನೋಡಿದರೆ ದಿಂಬಿನ ಬಟ್ಟೆಯ ಮೇಲೆ ಹಳದಿ ಕಲೆ, ಕಲೆಯ ಅಂಚಿಗೆ ಹಸಿರು. ಆ ಹಸಿರು ನನಗೆ ಹೊಸದಲ್ಲ. ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ಟ ತಂಬಿಗೆಯ ಕಂಠದಲ್ಲಿ ಕೂರುವ ಕಿಲುಬು ಅದು, ನಾನು ದಿನಾ ತಿಕ್ಕುತ್ತಿದ್ದೆ. ಅಕ್ಕಸಾಲಿಗ ಹೇಳಿದ್ದು ಅಲ್ಲಿಗೆ ಪೂರ್ತಿ ಅರ್ಥವಾಯಿತು. ಕಾಲು ಹಿತ್ತಾಳೆಯದು. ದಿಂಬಿನ ಬಟ್ಟೆಯನ್ನು ಯಾರೂ ಏಳುವ ಮೊದಲು ಒಗೆದು ಹಾಕಿದೆ.

ಇದನ್ನೇ ನಾನು ತಪ್ಪು ಎನ್ನುವುದು. ಅತ್ತೆ ಹಾಕಿದಳು, ಸರಿ. ಆದರೆ ಬಟ್ಟೆ ಒಗೆದವಳು ನಾನು. ಕುರಿಮರಿಯ ಕಿವಿಯಲ್ಲಿ ಅಂಥ ಹಸಿರು ಕಂಡಿದ್ದರೆ ನಾನು ನಿಂತ ನಿಲುವಿನಲ್ಲಿ ಆ ಲೋಹವನ್ನು ಕಿತ್ತೆಸೆಯುತ್ತಿದ್ದೆ. ನನ್ನ ಮೂಗಿಗೆ ಮೂರು ವಾರ ಇಟ್ಟುಕೊಂಡೆ.

ಮೂಗು ಬದನೆಕಾಯಿಯ ಹಾಗಾಯಿತು. ಅತ್ತೆ ಮೊದಲು ಅರಿಸಿನ ಹಚ್ಚಿದಳು, ಆಮೇಲೆ ಗೂಡಿನ ಮುಂದಿನ ಬೂದಿ ಹಚ್ಚಿದಳು. ಸತ್ತವಳಿಗೆ ಇನ್ನೂ ತೃಪ್ತಿಯಾಗಿಲ್ಲ, ಏನೋ ಕೇಳುತ್ತಿದ್ದಾಳೆ ಎಂದು ಎಡೆ ಹೆಚ್ಚಿಸಿದಳು. ಹೋಳಿಗೆ, ಕೋಸಂಬರಿ, ಕಡುಬು. ಮನೆಯ ಮಗು ಎಡೆಯ ಕಡೆ ನೋಡುತ್ತ ನಿಂತರೆ, ಅವ್ವನದು, ಮುಟ್ಟಬಾರದು ಎಂದು ಗದರಿಸಿ, ಸಂಜೆಗೆ ಅದನ್ನು ಹೊಳೆಗೆ ಬಿಡುತ್ತಿದ್ದಳು. ಓಣಿಯ ಹೆಂಗಸರು ಹಿಟ್ಟು ಕೇಳುವ ನೆಪದಲ್ಲಿ ಬಂದು ನನ್ನ ಮುಖ ನೋಡಿಕೊಂಡು ಹೋದರು. ಒಬ್ಬಳು, ಚೆಲುವೆ ಇದ್ದಳು ಪುಣ್ಯಾತ್ಗಿತ್ತಿ, ತನ್ನ ಜಾಗಕ್ಕೆ ಬಂದೋಳನ್ನ ಸುಮ್ಮನೆ ಬಿಡ್ತಾಳಾ ಎಂದು ನನ್ನ ಎದುರಿಗೇ ಅಂದಳು.

ಗಂಡ ಒಂದು ಸಲ ಆಸ್ಪತ್ರೆಯ ಮಾತು ತೆಗೆದ. ಅತ್ತೆ, ಸತ್ತವಳ ಮುನಿಸಿಗೆ ಡಾಕ್ಟರ ಹತ್ತಿರ ಗುಳಿಗೆ ಐತಾ, ಮೂಗುತಿ ತೆಗೆದರೆ ಈ ಸಲ ಮಗುವಿನ ಮೇಲೆ ಬರುತ್ತಾಳೆ ಎಂದಳು. ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಗಿರಣಿಗೆ ಹೋದ. ಮೂಗು ಇದನ್ನು ತಡೆದುಕೊಳ್ಳದಿದ್ದರೆ ಇವಳು ಈ ಮನೆಗೆ ಆಗಿಬರುವವಳಲ್ಲ, ಜಗಳೂರಿಗೆ ಹೇಳಿ ಕಳಿಸುವುದೇ ಎಂದು ಅತ್ತೆ ಒಲೆಯ ಮುಂದೆ ಕೂತು ತನಗೇ ಹೇಳಿಕೊಳ್ಳುವವಳ ಹಾಗೆ ಹೇಳುತ್ತಿದ್ದಳು. ನನಗೆ ಕೇಳಿಸಲಿ ಎಂದೇ.

ಕೊನೆಯ ವಾರ ಜ್ವರ ಬಂತು. ಮೂಗುತಿ ಊತದೊಳಗೆ ಇಳಿದು ಏಳು ಹರಳಿನಲ್ಲಿ ನಾಲ್ಕು ಮಾತ್ರ ಕಾಣುತ್ತಿದ್ದವು. ನಾತ. ನನ್ನ ನಾತ ನನಗೇ ತಡೆಯಲಾಗುತ್ತಿರಲಿಲ್ಲ. ಮಗು ಆಗಲೂ ಬಂದು ಮಲಗುತ್ತಿತ್ತು, ಮುಂಗೈಯಿಂದ ತನ್ನ ಮೂಗು ಮುಚ್ಚಿಕೊಂಡು. ಒಂದು ಮಧ್ಯಾಹ್ನ ಹಾಗೆ ಮಲಗಿದ್ದಾಗ ಕೇಳಿತು:

“ಅವ್ವನೂ ಹಿಂಗೇ ನಾತ ಬರ್ತಿದ್ಲಾ?”

ಅವಳು ನಾನು ನೋಡದ ಹೆಂಗಸು. ಆದರೆ ಆ ಮಗುವಿನ ಕಣ್ಣಲ್ಲಿ ಅವಳು ಈಗ ಹೀಗೆ ಉಳಿಯುತ್ತಾಳೆ ಎಂದು ತಿಳಿಯಿತು. ನನ್ನ ಕೀವಿನ ವಾಸನೆಯಲ್ಲಿ. ಅವಳನ್ನು ಒಲಿಸಿಕೊಳ್ಳುತ್ತೇನೆ ಎಂದು ನಾನು ಮಾಡಿದ ಕೆಲಸ ಅದು.

ಅದಾದ ಎರಡು ದಿನಕ್ಕೆ, ಸೋಮವಾರ, ಚನ್ನಗಿರಿಯಿಂದ ಸತ್ತವಳ ತಾಯಿ ಬಂದಳು. ಇದೂ ನಮ್ಮ ಕಡೆಯ ಪದ್ಧತಿಯೇ. ಎರಡನೆಯವಳಿಗೆ ಮೊದಲನೆಯವಳ ತವರೂ ತವರು. ಆ ತಾಯಿ ಬಂದು ಹೊಸಬಳಿಗೆ ಕುಪ್ಪಸದ ಕಣ, ತೆಂಗಿನಕಾಯಿ ಕೊಟ್ಟು ಉಡಿ ತುಂಬಿ, ನೀನೇ ನನ್ನ ಮಗಳು ಅನ್ನಬೇಕು. ಬಸ್ಸಿಳಿದು ಬರುತ್ತಿದ್ದಾಳೆ ಎಂದು ಯಾರೋ ಓಡಿ ಬಂದು ಹೇಳಿದಾಗ ಅತ್ತೆಯ ಮುಖ ಬೆಳ್ಳಗಾಯಿತು. ನನ್ನನ್ನು ಒಳಗಿನ ಅಂಕಣಕ್ಕೆ ನೂಕಿ, ಬಾಗಿಲು ಮುಂದೆ ಮಾಡಿ, ನೀನು ಜಗಳೂರಿಗೆ ಹೋಗಿದ್ದೀಯ ಎಂದು ಹೇಳುತ್ತೇನೆ, ಕೆಮ್ಮಬೇಡ ಎಂದಳು. ಮೂಗು ಊದಿದ್ದಕ್ಕೆ ನಾಚಿಕೆ ಎಂದುಕೊಂಡೆ.

ಒಳಗೆ ಕೂತು ಕೇಳಿಸಿಕೊಂಡೆ. ಮುದುಕಿ ನೀರು ಕುಡಿದಳು, ಮೊಮ್ಮಗಳನ್ನು ಕರೆದಳು, ತಂದ ಬಳೆ ತೊಡಿಸಿದಳು. ಹೊಸಬಳು ಎಲ್ಲಿ ಎಂದು ಕೇಳಿದಳು. ಅತ್ತೆ ಊರಿಗೆ ಹೋಗಿದ್ದಾಳೆ ಎಂದಳು. ಮಗು, ಇಲ್ಲ, ಒಳಗೆ ಅದಾಳೆ ಎಂದಿತು. ಅತ್ತೆ ಸುಮ್ಮನಿರೇ ಎಂದಳು. ಆಗ ನಾನು ಎದ್ದೆ. ಧೈರ್ಯವೇನಲ್ಲ. ಮಗುವನ್ನು ಸುಳ್ಳುಗಾತಿ ಮಾಡಿದರಲ್ಲ ಎಂದು ಸಿಟ್ಟು ಬಂತು, ಜ್ವರದ ತಲೆ ಬೇರೆ. ಸೆರಗು ಮುಚ್ಚಿಕೊಳ್ಳದೆ ಹೊರಗೆ ಬಂದು ಚಾಪೆಯ ಮುಂದೆ ಕೂತೆ.

ಮುದುಕಿ ಮೊದಲು ನೋಡಿದ್ದು ಊತವನ್ನು. ಅಯ್ಯೋ ಕೂಸೇ ಎಂದು ಕೈ ಚಾಚಿದವಳು ಅರ್ಧಕ್ಕೆ ನಿಲ್ಲಿಸಿದಳು. ಕಣ್ಣು ಕಿರಿದು ಮಾಡಿ ಬಗ್ಗಿದಳು. ಏಳರಲ್ಲಿ ಮೇಲಿನ ಒಂದು ಹರಳು ಉಳಿದವಕ್ಕಿಂತ ತಿಳಿಗೆಂಪು. ಅದು ಒಮ್ಮೆ ಉದುರಿ ಹೋಗಿ, ಚನ್ನಗಿರಿಯಲ್ಲಿ ಅವಳೇ ಬೇರೆ ಹಾಕಿಸಿದ್ದಳಂತೆ.

“ಬೀಗ್ತೀ,” ಎಂದಳು, ದನಿ ಏರಿಸದೆ. “ಇದು ಮಣ್ಣಾಗೆ ಐತೆ ಅಂದಿದ್ರಿ.”

ಅತ್ತೆ ಕಂಬಕ್ಕೆ ಒರಗಿ ನಿಂತಿದ್ದಳು. ಹಾಗೇ ಜಾರಿ ಕೂತಳು.

ಆಗ ಗೊತ್ತಾದದ್ದು ಇದು. ಮುತ್ತೈದೆಯಾಗಿ ಸತ್ತವಳು ಮೂಗುತಿ ಹಾಕಿಕೊಂಡೇ ಹೋಗಬೇಕು, ಅದೊಂದನ್ನು ತೆಗೆಯಬೇಡಿ ಎಂದು ಚನ್ನಗಿರಿಯವರು ಹೇಳಿ ಕಳಿಸಿದ್ದರು. ಅವರು ಬಂದು ಮುಟ್ಟುವಷ್ಟರಲ್ಲಿ ಮುಖಕ್ಕೆಲ್ಲ ಅರಿಸಿನ, ಹೂವು ಮುಚ್ಚಿತ್ತು. ಮೂಗುತಿ ಐತೆ ಎಂದು ಅತ್ತೆ ಹೇಳಿದಳು, ಅವರು ನಂಬಿದರು. ಆದರೆ ಅದಕ್ಕೆ ಮೊದಲೇ, ಮೈ ತೊಳೆಯುವ ಹೊತ್ತಿನಲ್ಲಿ, ಅತ್ತೆ ಅದನ್ನು ತೆಗೆದಿದ್ದಳು. ಮುಖ ಊದಿತ್ತು, ತಿರುಪು ತಿರುಗಲಿಲ್ಲ. ಅಡಕತ್ತರಿ ತಂದು ಕಾಲನ್ನು ಕತ್ತರಿಸಿದಳು. ತಿರುಪಿನ ಚೂರು ಸತ್ತವಳ ಮೂಗಿನಲ್ಲೇ ಉಳಿಯಿತು, ಹರಳು ಅತ್ತೆಯ ಸೊಂಟಕ್ಕೆ ಬಂತು.

“ನನಗೆ ಅಂತ ತೆಗೀಲಿಲ್ಲ ಬೀಗ್ತೀ. ಈ ಮಗೂಗೆ ತಾಯಿದು ಅಂತ ಒಂದಾದ್ರೂ ಇರ್ಲಿ ಅಂತ ತೆಗೆದೆ. ಬೇರೆ ಏನಿತ್ತು ಅವಳ ಮೈಮ್ಯಾಲೆ?”

ಮುದುಕಿ, ಹಾಗಾದರೆ ಈ ಕಾಲು ಯಾರು ಹಾಕಿದರು ಎಂದು ಕೇಳಿದಳು. ಅಕ್ಕಸಾಲಿಗನ ಹತ್ತಿರ ಹೋದರೆ ಕತ್ತರಿಸಿದ ಗುರುತು ಹಿಡಿಯುತ್ತಾನೆ, ಸುದ್ದಿ ಹಬ್ಬುತ್ತದೆ ಎಂದು ಅತ್ತೆ ಹೆದರಿದ್ದಳು. ಓಣಿಗೆ ಕೊಡ, ಬೋಗುಣಿಗೆ ಬೆಸುಗೆ ಹಾಕುವವನು ಬರುತ್ತಿದ್ದನಲ್ಲ, ಅವನ ಕೈಲಿ, ಅವನ ಹತ್ತಿರ ಇದ್ದ ತಿರುಪಿನ ಹಿತ್ತಾಳೆ ಕಡ್ಡಿಯನ್ನೇ ಹಾಕಿಸಿ ಅವನ ಬೆಸುಗೆಯಲ್ಲೇ ಅಂಟಿಸಿದ್ದಳು. ತಂಬಿಗೆಯ ತಳಕ್ಕೆ ಹಾಕುವುದನ್ನು ಮೂಗಿಗೆ. ಹೊನ್ನಾಳಿ ಬಿಟ್ಟು ನ್ಯಾಮತಿಗೆ ಹೋದದ್ದು ಯಾಕೆ ಎಂದು ನನಗೆ ಆಗ ತಿಳಿಯಿತು. ಮಗುವಿಗೆ ಜ್ವರ ಬಂದಾಗಲೆಲ್ಲ ಯಾಕೆ ಅವಳು ಹೇಳಿಕೆ ಕೇಳಲು ಓಡುತ್ತಿದ್ದಳು ಎಂಬುದೂ ತಿಳಿಯಿತು. ಊರಿನವರೆಲ್ಲ ಸವತಿ ಕಾಟ ಎಂದು ಮಾತಿಗೆ ಅನ್ನುತ್ತಿದ್ದರು. ನಿಜವಾಗಿ ನಂಬಿದ್ದವಳು ಅವಳೊಬ್ಬಳೇ, ಅಡಕತ್ತರಿ ಹಿಡಿದವಳು.

ಮುದುಕಿ ಎದ್ದು ಸೀರೆ ಎತ್ತಿ ಕಟ್ಟಿದಳು. ಬಿಸಿನೀರು ಇಡಿ ಎಂದಳು. ಹರಳೆಣ್ಣೆ ಬೆಚ್ಚಗೆ ಮಾಡಿ ಅದರಲ್ಲಿ ಹತ್ತಿ ಅದ್ದಿ ಹಿಂಡಿ ಹಿಂಡಿ ಊತವನ್ನು ಮೆದು ಮಾಡಿದಳು. ತಿರುಪು ಒಳಗೆ ಮಾಂಸದಲ್ಲಿ ಹೂತಿತ್ತು. ಮೊಮ್ಮಗಳನ್ನು ಹೊರಗೆ ಕಳಿಸಿದಳು, ಅತ್ತೆಗೆ ನನ್ನ ತಲೆ ಹಿಡಿದುಕೊಳ್ಳಲು ಹೇಳಿದಳು. ಅತ್ತೆ ಹಿಡಿದುಕೊಂಡಳು, ಅವಳ ಕೈ ನನ್ನ ಕೆನ್ನೆಗಿಂತ ಬಿಸಿಯಾಗಿತ್ತು. ಹೇರ್‌ಪಿನ್ನಿನ ಬೆನ್ನಿನಿಂದ ತಿರುಪು ಎಬ್ಬಿಸಿ ತಿರುವಿದಾಗ ಏನಾಯಿತು ಎಂದು ಬರೆಯುವುದಿಲ್ಲ. ಮೂಗುತಿ ಬಂತು, ಅದರ ಹಿಂದೆ ಬಟ್ಟಲಿನ ತಳ ಮುಚ್ಚುವಷ್ಟು ಕೀವು ಬಂತು. ಮೂಗುತಿಯ ಕಾಲು ಮೇಲಿನಿಂದ ಕೆಳಗಿನ ತನಕ ಹಸಿರು. ಮುದುಕಿ ಅದನ್ನು ಅತ್ತೆಯ ಕಣ್ಣಿನ ಹತ್ತಿರ ಹಿಡಿದಳು.

“ನೋಡ್ರಿ ಚೆನ್ನಾಗಿ. ನನ್ನ ಮಗಳು ಬದುಕಿದ್ದಾಗ ಯಾರಿಗೂ ಎದುರು ಮಾತಾಡ್ದೋಳಲ್ಲ. ಸತ್ತ ಮ್ಯಾಲೆ ಇನ್ನೊಬ್ಬರ ಮೂಗು ಕೊಳೆಸಾಕೆ ಬರ್ತಾಳಾ? ಅವಳ ಮ್ಯಾಲೆ ಹಾಕಬ್ಯಾಡ್ರಿ ಇದನ್ನ.”

ಅತ್ತೆ ಅಳಲಿಲ್ಲ. ಅವಳು ಅತ್ತದ್ದನ್ನು ನಾನು ಯಾವತ್ತೂ ನೋಡಲಿಲ್ಲ. ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಮುದುಕಿ ಮೂಗುತಿಯನ್ನು ಹುಣಸೆಹಣ್ಣಿನಲ್ಲಿ ತೊಳೆದಳು. ಬಹಳ ಹೊತ್ತು ತೊಳೆದಳು. ಆಮೇಲೆ ನನ್ನ ಕೈಯಲ್ಲಿಟ್ಟು, ಇದಕ್ಕೆ ಬಂಗಾರದ ಕಾಲು ಹಾಕಿಸು, ನಿನಗಲ್ಲ, ಮೊಮ್ಮಗಳಿಗೆ, ದೊಡ್ಡವಳಾದ ಮೇಲೆ ಎಂದಳು. ಸಂಜೆಯ ಬಸ್ಸಿಗೆ ಹೋದಳು. ಉಡಿ ತುಂಬಲಿಲ್ಲ. ಕುಪ್ಪಸದ ಕಣ, ತೆಂಗಿನಕಾಯಿ ಚಾಪೆಯ ಮೇಲೇ ಉಳಿದಿದ್ದವು. ಮರೆತಳೋ, ಮನಸ್ಸು ಬರಲಿಲ್ಲವೋ, ನಾನು ಯಾವತ್ತೂ ಕೇಳಲಿಲ್ಲ. ಆಮೇಲೆ ಎಷ್ಟೋ ಸಲ ಚನ್ನಗಿರಿಗೆ ಹೋದೆ, ಅವಳು ಅನ್ನ ಹಾಕಿದಳು, ಮಗಳು ಎಂದು ಮಾತ್ರ ಕರೆಯಲಿಲ್ಲ. ಅದೂ ಸರಿಯೇ.

ಎಂಬತ್ತರ ದಶಕದಲ್ಲಿ ಆ ಹುಡುಗಿಗೆ ಹದಿಮೂರೋ ಹದಿನಾಲ್ಕೋ ಆದಾಗ ನಾನೇ ನ್ಯಾಮತಿಗೆ ಕರೆದುಕೊಂಡು ಹೋದೆ. ಅದೇ ಅಕ್ಕಸಾಲಿಗ, ಕಣ್ಣು ಸ್ವಲ್ಪ ಮಂದವಾಗಿತ್ತು, ಕೈ ಹಾಗೇ ಇತ್ತು. ಕುಂಕುಮದ ಡಬ್ಬಿಯಿಂದ ನನ್ನ ತಂತಿ ತೆಗೆದುಕೊಟ್ಟೆ. ಅದನ್ನು ಬೆಂಕಿಗೆ ಹಿಡಿದು ಶುದ್ಧ ಮಾಡಿ ತುದಿ ಅರೆದು ಅದರಿಂದಲೇ ಚುಚ್ಚಿದ. ಇವಳಿಗೆ ಸಿನಿಮಾದ ಹಾಗೆ ಮಿನುಗುವ ಹರಳು ಆಗಲೇ ಬೇಕಿತ್ತು, ಅತ್ತು ಕರೆದು ರಂಪ ಮಾಡಿದಳು. ನಾನು ತೊಂಬತ್ತು ದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದೆ, ಒಂದೂ ಬಿಡಲಿಲ್ಲ. ತೊಂಬತ್ತೊಂದನೇ ದಿನ ಅವಳ ಅವ್ವನ ಮೂಗುತಿ, ಬಂಗಾರದ ಕಾಲಿನದು, ಅವಳ ಮೂಗಿಗೆ ಹೋಯಿತು. ಒಂದು ಹನಿ ನೀರು ಸೋರಲಿಲ್ಲ. ಅತ್ತೆ ಆಗ ಹಾಸಿಗೆ ಹಿಡಿದಿದ್ದಳು. ಹತ್ತಿರ ಕರೆದು ನೋಡಿ ಗೋಡೆಯ ಕಡೆ ತಿರುಗಿ ಮಲಗಿದಳು.

ಆದರೆ ನಾನು ಹೇಳುತ್ತಿದ್ದದ್ದು ಆ ಸೋಮವಾರದ ಮಾತು. ಮುದುಕಿ ಹೋದ ಮೇಲೆ ಗಂಡ ಗಿರಣಿಯಿಂದ ಬಂದ, ನನ್ನ ಮುಖ ನೋಡಿದ, ತೆಗೆದಿರಾ ಎಂದ. ಅತ್ತೆ ಅನ್ನ ಬಡಿಸುತ್ತ, ನಾಳೆ ಮಂಗಳವಾರ, ಎಡೆಗೆ ಹೋಳಿಗೆ ಆಗಬೇಕು, ಬರಿ ಮೂಗಿನವಳು ಗೂಡಿನ ಹತ್ತಿರ ಹೋಗುವ ಹಾಗಿಲ್ಲ, ಈ ವಾರ ಕಳೆದ ಮೇಲೆ ಜಗಳೂರಿಗೆ ಕಳಿಸುವ ವಿಚಾರ ಮಾಡೋಣ ಎಂದಳು. ಅಷ್ಟೆಲ್ಲ ಆದ ಮೇಲೂ. ಹಿತ್ತಾಳೆಯನ್ನು ಒಪ್ಪಿಕೊಂಡರೆ ಅಡಕತ್ತರಿಯನ್ನೂ ಒಪ್ಪಿಕೊಳ್ಳಬೇಕಲ್ಲ. ಸವತಿಯೇ ಅವಳಿಗೆ ಸಲೀಸು. ಮಗು ನನ್ನ ಬರಿ ಮೂಗನ್ನು ದೂರದಿಂದ ನೋಡಿ ಅಜ್ಜಿಯ ಹತ್ತಿರ ಹೋಗಿ ಮಲಗಿತು.

ಮರುದಿನ ಬೆಳಿಗ್ಗೆ ಅತ್ತೆ ಹೊಳೆಗೆ ಸ್ನಾನಕ್ಕೆ ಹೋದಾಗ ನಾನೇ ಹೋಳಿಗೆ ಮಾಡಿದೆ. ಎರಡು ಹೋಳಿಗೆ, ಮೇಲೆ ತುಪ್ಪ. ಗೂಡಿನ ಮುಂದೆ ಇಡಲಿಲ್ಲ. ಮಗುವನ್ನು ಎಬ್ಬಿಸಿ ಮುಖ ತೊಳೆಸಿ ಅದರ ತಟ್ಟೆಗೆ ಹಾಕಿದೆ. ಅವ್ವನದು ಎಂದಿತು. ಹೌದು, ನಿನ್ನ ಅವ್ವನದು, ನೀನೇ ತಿನ್ನಬೇಕಾದದ್ದು ಎಂದೆ. ಅಜ್ಜಿ ಬಂದಳೇನೋ ಎಂದು ಬಾಗಿಲ ಕಡೆ ನೋಡಿಕೊಂಡು ಎರಡನ್ನೂ ತಿಂದಿತು. ಆಮೇಲೆ ನಾನು ತಲೆ ಬಾಚಿಕೊಂಡು, ಸೆರಗು ಮುಖಕ್ಕೆ ಎಳೆದುಕೊಳ್ಳದೆ, ಓಣಿಯ ನಡುವಿನಿಂದ ಸರಕಾರಿ ಆಸ್ಪತ್ರೆಗೆ ನಡೆದೆ. ಮಗು ಹಿಂದಿನಿಂದ ಓಡಿ ಬಂತು. ಬೆರಳು ಹಿಡಿಯಲಿಲ್ಲ, ಸೆರಗಿನ ತುದಿ ಹಿಡಿಯಿತು. ಸಾಲಿನಲ್ಲಿ ನಿಂತೆವು. ಸರದಿ ಬಂದಾಗ ನರ್ಸಮ್ಮ ನನ್ನ ಮೂಗು ನೋಡಿ, ಇದೇನು ಮಾಡಿಕೊಂಡಿದ್ದೀಯಮ್ಮ, ಯಾರು ಮಾಡಿದ್ದು ಎಂದು ಕೇಳಿದಳು. ಓಣಿಯ ಹೆಂಗಸರಿಬ್ಬರು ನನ್ನ ಹಿಂದೆಯೇ ನಿಂತಿದ್ದರು, ಸತ್ತವಳ ಹೆಸರು ಬರುತ್ತದೆ ಎಂದು ಕಿವಿ ಚಾಚಿ.

“ಹಿತ್ತಾಳೆ,” ಎಂದೆ, ಮಗುವಿಗೂ ಕೇಳಿಸುವ ಹಾಗೆ.